ತುಕ್ಕು ತಿಂದ ವ್ಯಾನಿನ ಚರಿತ್ರೆ

ತುಕ್ಕಿನ ಬಗ್ಗೆ ಬರೆಯಲು ನಿಮಗೇನು ಅರ್ಹತೆ ಸ್ವಾಮೀ ಅಂತ ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಾನು ಓದಿದ್ದು ಬಿ.ಕಾಂ. ಮೂವತ್ತು ವರ್ಷದಿಂದ ಮುಂಬಯಿಯಲ್ಲಿ ಬ್ಯಾಂಕ್ ಚಾಕರಿ. ನಮ್ಮ ಪಾಲಿಗೆ ಗಾಡಿ ಹಳತಾಗುವುದು ಎಂದರೆ ಸವಕಳಿ, ಅಷ್ಟೇ. ಕಾರಿಗೆ ವರ್ಷಕ್ಕೆ ಶೇಕಡ 15, ಮರುವರ್ಷ ಉಳಿದದ್ದರ ಮೇಲೆ ಮತ್ತೆ 15... ಹೀಗೆ ಕಳೆಯುತ್ತಾ ಹೋದರೆ ಪುಸ್ತಕದಲ್ಲಿ ಆ ಗಾಡಿ ಎಂದಿಗೂ ಸೊನ್ನೆಯಾಗುವುದಿಲ್ಲ. ಕಬ್ಬಿಣಕ್ಕೆ ಈ ಲೆಕ್ಕ ಗೊತ್ತಿಲ್ಲ. ಅದು ಹತ್ತು ವರ್ಷ ಏನೂ ಆಗದ ಹಾಗೆ ಸುಮ್ಮನಿದ್ದು, ಹನ್ನೊಂದನೇ ವರ್ಷ ಬೆರಳು ಒತ್ತಿದರೆ ತೂತು ಬೀಳುವ ಸ್ಥಿತಿಗೆ ಬಂದಿರುತ್ತದೆ.

ನಮ್ಮದು ಕರಾವಳಿ. ಉಪ್ಪು ಗಾಳಿಗೆ ಕಿಟಕಿಯ ಸರಳು, ಬಾವಿಯ ರಾಟೆ, ಸೈಕಲ್ಲಿನ ಮಡ್‌ಗಾರ್ಡ್ ಎಲ್ಲ ಹೇಗೆ ಕರಗುತ್ತವೆ ಅಂತ ಚಿಕ್ಕಂದಿನಿಂದ ನೋಡಿದವರು ನಾವು. ಮುಂಬಯಿಗೆ ಬಂದ ಮೇಲೂ ಅದೇ ಸಮುದ್ರ, ಅದೇ ಮಳೆ. ಹಾಗಾಗಿ ಇಂಗ್ಲೆಂಡಿನಲ್ಲಿರುವ ಅಕ್ಕನ ಮಗ 1973ರ ಒಂದು ಫೋಕ್ಸ್‌ವ್ಯಾಗನ್ ಕ್ಯಾಂಪರ್ ವ್ಯಾನ್ ಕೊಂಡು, ಅದರ ಅಡಿಭಾಗದ ಫೋಟೋಗಳನ್ನು ಕಳಿಸಿ "ಮಾಮ, ಇದಕ್ಕೆ ಇನ್ನೂ ದುಡ್ಡು ಹಾಕಬಹುದಾ, ಬಿಟ್ಟುಬಿಡಲಾ?" ಅಂತ ಕೇಳಿದಾಗ ಕುತೂಹಲ ಹುಟ್ಟಿತು. ಸಾಲ ಕೊಡುವ ಮುಂಚೆ ಅರ್ಜಿದಾರನ ಪೂರ್ವಾಪರ ನೋಡುವುದು ನಮಗೆ ಅಭ್ಯಾಸ. ಹಾಗೇ ಈ ವ್ಯಾನಿನ ಜಾತಕವನ್ನೂ ತೆಗೆದು ನೋಡಿದೆ. ನಾನು ಎಣಿಸಿದ್ದಕ್ಕಿಂತ ಬಹಳ ಸ್ವಾರಸ್ಯದ ಕಥೆ ಸಿಕ್ಕಿತು.

ಎರಡನೇ ಮಹಾಯುದ್ಧ ಮುಗಿದಾಗ ಜರ್ಮನಿಯ ವೋಲ್ಫ್ಸ್‌ಬರ್ಗಿನ ಫೋಕ್ಸ್‌ವ್ಯಾಗನ್ ಕಾರ್ಖಾನೆ ಬಾಂಬು ಬಿದ್ದು ಅರ್ಧ ಹಾಳಾಗಿತ್ತು. ಅದು ಬ್ರಿಟಿಷ್ ಸೈನ್ಯದ ವಶಕ್ಕೆ ಬಂತು. ಅದರ ಉಸ್ತುವಾರಿ ವಹಿಸಿಕೊಂಡವನು ಮೇಜರ್ ಐವನ್ ಹರ್ಸ್ಟ್ ಎಂಬ ಎಂಜಿನಿಯರ್. ಕಾರ್ಖಾನೆಯೊಳಗೆ ಸಾಮಾನು ಸಾಗಿಸಲು ಬೀಟಲ್ ಕಾರಿನ ಬಿಡಿಭಾಗಗಳಿಂದಲೇ ಒಂದು ತೆರೆದ ಬಂಡಿ ಮಾಡಿಕೊಂಡಿದ್ದರು. ಮುಂದೆ ಹಲಗೆ, ಹಿಂದೆ ಎಂಜಿನ್ ಮೇಲೆ ಡ್ರೈವರ್. ಬೀಟಲ್ ಕೊಳ್ಳಲು ಹಾಲೆಂಡಿನಿಂದ ಬಂದ ಬೆನ್ ಪೋನ್ ಎಂಬ ವ್ಯಾಪಾರಿ ಈ ಬಂಡಿಯನ್ನು ನೋಡಿದ. 1947ರ ಏಪ್ರಿಲ್ 23ರಂದು ತನ್ನ ನೋಟ್‌ಪುಸ್ತಕದಲ್ಲಿ ಒಂದು ಚಿತ್ರ ಗೀಚಿದ: ಬ್ರೆಡ್ಡಿನಂಥ ಒಂದು ಡಬ್ಬ, ಮುಂದಿನ ಚಕ್ರದ ಮೇಲೆ ಡ್ರೈವರ್, ಹಿಂದೆ ಎಂಜಿನ್, ನಡುವೆ ಪೂರಾ ಖಾಲಿ ಜಾಗ. ಮಕ್ಕಳು ಬಿಡಿಸುವ ಬಸ್ಸಿನ ಚಿತ್ರದಂತಿದೆ ಅದು. ನೀವೂ ನೋಡಿರಬಹುದು.

1948ರ ಜನವರಿಯಲ್ಲಿ ಹೈನ್ರಿಚ್ ನೋರ್ಡ್‌ಹಾಫ್ ಕಾರ್ಖಾನೆಯ ಮುಖ್ಯಸ್ಥನಾದ ಮೇಲೆ ಈ ಚಿತ್ರಕ್ಕೆ ಜೀವ ಬಂತು. ಮೊದಲ ಮಾದರಿಯನ್ನು ಬೀಟಲ್ ಕಾರಿನ ಚಾಸಿಯ ಮೇಲೆಯೇ ಕೂರಿಸಿದರು. 1949ರ ಏಪ್ರಿಲ್‌ನಲ್ಲಿ ಪರೀಕ್ಷೆಗೆ ಓಡಿಸಿದಾಗ ಭಾರ ತಾಳದೆ ಚಾಸಿಯೇ ಸೋತುಹೋಯಿತು. ಆಗ ಎಂಜಿನಿಯರುಗಳು ಬೇರೆ ದಾರಿ ಹಿಡಿದರು. ಪ್ರತ್ಯೇಕ ಚಾಸಿ ಬೇಡ. ಅಡಿಯಲ್ಲಿ ಎರಡು ಉದ್ದ ತೊಲೆ, ಅವಕ್ಕೆ ಅಡ್ಡ ಪಟ್ಟಿಗಳು. ಇವೆಲ್ಲವನ್ನೂ ಮೇಲಿನ ತಗಡಿನ ಬಾಡಿಗೇ ವೆಲ್ಡ್ ಮಾಡಿ ಒಂದೇ ಪೆಟ್ಟಿಗೆ ಮಾಡಿದರು.

ಈ ಒಂದು ತೀರ್ಮಾನವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದಿನ ಎಪ್ಪತ್ತು ವರ್ಷಗಳ ತುಕ್ಕಿನ ಕಥೆಯೆಲ್ಲ ಇಲ್ಲಿಂದಲೇ ಹೊರಡುತ್ತದೆ. ನಮ್ಮ ಲಾರಿಗಳಲ್ಲಿ ಬಾಡಿ ಕೊಳೆತರೆ ಬಾಡಿ ಬಿಲ್ಡರ್ ಹತ್ತಿರ ಬಿಟ್ಟು ಬೇರೆ ಕಟ್ಟಿಸಿಕೊಳ್ಳಬಹುದು, ಚಾಸಿ ಹಾಗೇ ಇರುತ್ತದೆ. ಈ ವ್ಯಾನಿನಲ್ಲಿ ತಗಡೇ ಗೋಡೆ, ತಗಡೇ ಕಂಬ. ಸುಮಾರು ಒಂದು ಮಿಲಿಮೀಟರ್ ದಪ್ಪದ ತಗಡನ್ನು ಮಡಿಚಿ, ಪೆಟ್ಟಿಗೆಯಂತೆ ಮಾಡಿ, ಆ ಪೊಳ್ಳು ಪೆಟ್ಟಿಗೆಯ ಬಲದ ಮೇಲೆ ಇಡೀ ಗಾಡಿ ನಿಂತಿದೆ. ಬಾಗಿಲ ಕೆಳಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಹೋಗುವ ಪಟ್ಟಿಗೆ ಅವರು ಸಿಲ್ ಅನ್ನುತ್ತಾರೆ. ಅಂದರೆ ಹೊಸ್ತಿಲು. ಅದು ಹೊರಗಿನದು, ನಡುವಿನದು, ಒಳಗಿನದು ಎಂದು ಮೂರು ಪದರ. ಹೊರಗಿನ ಪದರ ಮಾತ್ರ ಕಣ್ಣಿಗೆ ಕಾಣುತ್ತದೆ. ಹೊರಗಿನದಕ್ಕೆ ತೂತು ಬೀಳುವಷ್ಟರಲ್ಲಿ ಒಳಗಿನವೆರಡು ಎಂದೋ ಪುಡಿಯಾಗಿರುತ್ತವೆ. ಹೊಸ್ತಿಲು ಹೋದ ಮನೆ ಹೇಗೆ ಅಂತ ನಿಮಗೆ ಹೇಳಬೇಕಾಗಿಲ್ಲ.

1950ರ ಮಾರ್ಚ್ 8ರಂದು ತಯಾರಿಕೆ ಶುರುವಾಯಿತು. ಕಾರ್ ಟೈಪ್ 1, ಇದು ಟೈಪ್ 2. ಎಂಜಿನ್ 1131 ಸಿಸಿ, ಶಕ್ತಿ ಬರೀ 25 ಅಶ್ವಶಕ್ತಿ. ಈಗಿನ ಸ್ಕೂಟರಿನ ಎರಡರಷ್ಟು, ಮೂರರಷ್ಟು ಅಂದುಕೊಳ್ಳಿ! ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಕಂಪನಿ ಇದರೊಳಗೆ ಇಡಲು ಮಂಚ, ಕಪಾಟು, ಒಲೆ ಎಲ್ಲ ಸೇರಿದ ಪೆಟ್ಟಿಗೆ ಮಾಡಿತು. ವಾರದ ದಿನ ಸಾಮಾನು ಸಾಗಿಸಿ ರಜೆಯಲ್ಲಿ ಅದೇ ಗಾಡಿಯಲ್ಲಿ ಸಂಸಾರ ಸಮೇತ ಹೊರಡಬಹುದು. ಕ್ಯಾಂಪರ್ ವ್ಯಾನ್ ಹುಟ್ಟಿದ್ದು ಹೀಗೆ. ಇಂಗ್ಲೆಂಡಿನಲ್ಲೂ ಡೆವನ್, ಡಾರ್ಮೊಬೈಲ್ ಮುಂತಾದ ಕಂಪನಿಗಳು ಇದೇ ಕೆಲಸಕ್ಕಿಳಿದವು. 1956ರಲ್ಲಿ ತಯಾರಿಕೆ ಹ್ಯಾನೋವರಿಗೆ ಹೋಯಿತು. 1967ರ ಆಗಸ್ಟಿನಲ್ಲಿ ಎರಡು ತುಂಡಿನ ಮುಂಗಾಜು ಹೋಗಿ ಒಂದೇ ದೊಡ್ಡ ಬಾಗಿದ ಗಾಜು ಬಂತು. ಅಳಿಯನ ಗಾಡಿ ಈ ಎರಡನೇ ತಲೆಮಾರಿನದು.

ಇಲ್ಲೊಂದು ಉಪಕಥೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹ್ಯಾಂಬರ್ಗಿನಲ್ಲಿ ವಿಡಾಲ್ ಅಂಡ್ ಸೋನ್ ಎಂಬ ಇನ್ನೊಂದು ಕಂಪನಿ ಇತ್ತು. ಅದು 1949ರಲ್ಲೇ ಒಂದು ಪುಟ್ಟ ವ್ಯಾನ್ ತಂದಿತು. ಎಂಜಿನ್ ಮಾತ್ರ ಫೋಕ್ಸ್‌ವ್ಯಾಗನ್‌ನಿಂದ ಖರೀದಿ. ತನ್ನದೇ ವ್ಯಾನ್ ಇರುವಾಗ ಎದುರಾಳಿಗೆ ಎಂಜಿನ್ ಯಾಕೆ ಕೊಡಬೇಕು ಅಂತ ಫೋಕ್ಸ್‌ವ್ಯಾಗನ್ 1952ರ ಹೊತ್ತಿಗೆ ಪೂರೈಕೆ ನಿಲ್ಲಿಸಿತು. ಆ ಎದುರಾಳಿಯ ಬ್ರಾಂಡಿನ ಹೆಸರು ಏನು ಗೊತ್ತೇ? ಟೆಂಪೋ! ವ್ಯಾನಿನ ಹೆಸರು ಮಟಾಡೋರ್!! 1958ರಲ್ಲಿ ಶುರುವಾದ ಬಜಾಜ್ ಟೆಂಪೋ ಇವರೊಂದಿಗೆ ಸಹಯೋಗ ಮಾಡಿಕೊಂಡು ಆ ಹೆಸರುಗಳನ್ನು ನಮ್ಮ ದೇಶಕ್ಕೆ ತಂದಿತು. ಆ ಕಂಪನಿಯೇ 2005ರಲ್ಲಿ ಫೋರ್ಸ್ ಮೋಟರ್ಸ್ ಆಯಿತು. ಮದುವೆ ದಿಬ್ಬಣಕ್ಕೆ ಮೆಟಡೋರ್ ಮಾಡಿಕೊಂಡು ಹೋದದ್ದು, ಮೀನು ಮಾರ್ಕೆಟಿಗೆ ಟೆಂಪೋ ಬರುವುದು... ನಾವು ಅಚ್ಚಕನ್ನಡ ಅಂತಲೇ ತಿಳಿದ ಈ ಎರಡು ಮಾತುಗಳ ತವರು ಹ್ಯಾಂಬರ್ಗ್. ಅಳಿಯನ ವ್ಯಾನಿಗೂ ನಮ್ಮ ಮೆಟಡೋರಿಗೂ ಹೀಗೊಂದು ದಾಯಾದಿ ಸಂಬಂಧ.

ಇರಲಿ, ತುಕ್ಕಿಗೆ ಬರೋಣ.

ಕಬ್ಬಿಣಕ್ಕೆ ನೀರೂ ಗಾಳಿಯೂ ಎರಡೂ ಸೇರಿದರೆ ತುಕ್ಕು. ಉಪ್ಪು ಇದ್ದರೆ ಆ ಕೆಲಸ ಬೇಗ ಬೇಗ. ಯುರೋಪಿನಲ್ಲಿ ನಮ್ಮ ಹಾಗೆ ಎಲ್ಲ ಊರಿಗೂ ಕಡಲ ಗಾಳಿ ಇಲ್ಲ, ಆದರೆ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೇ ಉಪ್ಪು ಸುರಿಯುತ್ತಾರೆ. ಆ ಉಪ್ಪು ನೀರು ಚಕ್ರದಿಂದ ಸಿಡಿದು ಅಡಿಭಾಗದ ಸಂದುಗಳಿಗೆ ಹೋಗಿ ಕೂರುತ್ತದೆ. ಎರಡು ತಗಡು ಒಂದರ ಮೇಲೊಂದು ಕೂತಿರುವ ಜೋಡಣೆಯಲ್ಲಿ ನೀರು ಬತ್ತಿಗೆ ಎಣ್ಣೆ ಏರಿದ ಹಾಗೆ ಒಳಕ್ಕೆ ಏರುತ್ತದೆ, ಒಣಗುವುದು ಮಾತ್ರ ಇಲ್ಲ. ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಹಾಗಾಗಿ ತಗಡುಗಳನ್ನು ಒಳಗಿನಿಂದಲೇ ಒತ್ತಿ ಬೇರ್ಪಡಿಸಿ, ಇನ್ನಷ್ಟು ನೀರಿಗೆ ದಾರಿ ಮಾಡುತ್ತದೆ. ಚಕ್ರಬಡ್ಡಿ!

ಈ ಗಾಡಿಗೆ ಅದರದ್ದೇ ಆದ ಮರ್ಮಸ್ಥಾನಗಳಿವೆ. ಮುಂಗಾಜಿನ ರಬ್ಬರ್ ಬೀಡಿಂಗ್ ಹಳತಾಗಿ ಬಿರುಕು ಬಿಟ್ಟರೆ ನೀರು ಮೂತಿಯ ತಗಡಿನ ಒಳಗಿಂದ ಇಳಿದು ಡ್ರೈವರಿನ ಕಾಲಬುಡ ಸೇರುತ್ತದೆ. ರಬ್ಬರ್ ಮ್ಯಾಟಿನ ಕೆಳಗೆ ನಿಂತ ನೀರು ಯಾರಿಗೂ ಕಾಣುವುದಿಲ್ಲ. ಹಿಂದೆ ಎಂಜಿನ್ ಕೋಣೆಯಲ್ಲಿ ಬ್ಯಾಟರಿ ಕೂರುವ ತಟ್ಟೆ ಆಸಿಡ್ ಸೋರಿ ಕರಗುತ್ತದೆ. ಜ್ಯಾಕ್ ಕೊಡುವ ಜಾಗ ಎಷ್ಟು ಕೊಳೆತಿರುತ್ತದೆ ಎಂದರೆ, ಜ್ಯಾಕ್ ಎತ್ತಿದರೆ ಗಾಡಿ ಏಳುವ ಬದಲು ಜ್ಯಾಕೇ ಬಾಡಿಯೊಳಗೆ ಏರುತ್ತದಂತೆ. ಕ್ಯಾಂಪರ್ ಆದರೆ ಮತ್ತೂ ಕಷ್ಟ. ಒಳಗೆ ಅಡುಗೆಯ ಹಬೆ, ಮಲಗಿದವರ ಉಸಿರು, ಎಲ್ಲವೂ ತಣ್ಣನೆಯ ತಗಡಿಗೆ ತಾಗಿ ಹನಿಯಾಗಿ ಮರದ ಹಲಗೆಯ ಹಿಂದೆ ಇಳಿಯುತ್ತದೆ. ಕಿಟಕಿಗೆ, ಮೇಲೇಳುವ ಚಾವಣಿಗೆ ಅಂತ ಒಳ್ಳೆಯ ಬಾಡಿಯನ್ನು ಕತ್ತರಿಸಿದ ಅಂಚುಗಳು ಬೇರೆ. ಮನೆ ಮಾಡಲು ಹೋಗಿ ಮನೆಯ ರೋಗಗಳನ್ನೂ ತಂದುಕೊಂಡಂತಾಯಿತು.

ಕಾರು ತಯಾರಿಸುವವರಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ವಿಧಾನಕ್ಕೆ ಫ್ರಾನ್ಸಿನ ಸ್ತಾನಿಸ್ಲಾಸ್ ಸೊರೆಲ್ ಪೇಟೆಂಟ್ ಪಡೆದದ್ದು 1837ರಲ್ಲಿ. ನಮ್ಮ ಊರಿನ ಜಿ.ಐ. ಬಕೆಟ್, ಜಿ.ಐ. ಶೀಟ್ ಎಲ್ಲ ಅದೇ ವಿದ್ಯೆ. ಇಲ್ಲೊಂದು ಸೂಕ್ಷ್ಮ ಇದೆ. ನಾವು ಪಾತ್ರೆಗೆ ಹಾಕಿಸುವ ಕಲಾಯಿ ತವರದ್ದು. ತವರ ಬರೀ ಹೊದಿಕೆ. ಕಬ್ಬಿಣದ ಡಬ್ಬಿಗೆ ತವರ ಬಳಿದು ಅದರಲ್ಲೊಂದು ಗೀರು ಬಿದ್ದರೆ ಆ ಗೀರಿನಲ್ಲಿ ಕಬ್ಬಿಣ ಇನ್ನೂ ಬೇಗ ಸಾಯುತ್ತದೆ. ಸತು ಹಾಗಲ್ಲ. ಗೀರು ಬಿದ್ದರೂ ಪಕ್ಕದ ಸತು ಮೊದಲು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಸಾಲಗಾರನಿಗಿಂತ ಮುಂಚೆ ಜಾಮೀನುದಾರನೇ ಬಂದು ಕಂತು ಕಟ್ಟಿದ ಹಾಗೆ :-) ಅಂಥ ಜಾಮೀನುದಾರರು ನನ್ನ ಸರ್ವೀಸಿನಲ್ಲಿ ಇಬ್ಬರು ಸಿಕ್ಕಿದ್ದರೆ ಹೆಚ್ಚು.

ವಿದ್ಯೆ ಇತ್ತು, ಖರ್ಚು ಬೇಡವಾಗಿತ್ತು. ಪೋರ್ಶೆ 911ರ ಬಾಡಿಗೆ ಸತು ಲೇಪಿತ ಉಕ್ಕು ಬಂದದ್ದು 1975ರಲ್ಲಿ. ಆಡಿ 100ಕ್ಕೆ ಪೂರ್ತಿ ಸತು ಲೇಪಿತ ಬಾಡಿ ಬಂದದ್ದು 1985ರಲ್ಲಿ. ಎರಡೂ ದುಬಾರಿ ಗಾಡಿಗಳೇ. ವ್ಯಾನ್ ಎಂಬುದು ದುಡಿಯುವ ಎತ್ತು, ಅದು ಹತ್ತು ವರ್ಷ ಬಾಳಿದರೆ ಕೊಂಡವನ ಲಾಭ ಬಂದಂತೆ ಅನ್ನುವುದು ಆಗಿನ ಎಣಿಕೆ. ನನಗೆ ಇದು ಅಂಥ ದೊಡ್ಡ ಪಾಪ ಅಂತ ಅನ್ನಿಸುವುದಿಲ್ಲ. ನೋಡುವ ದೃಷ್ಟಿ ಬದಲಾದದ್ದು ಮಾತ್ರ ಜನರಿಂದ. 1980ರಲ್ಲಿ ಬ್ರಿಟನ್ನಿನಲ್ಲಿ ಲ್ಯಾನ್ಸಿಯಾ ಬೀಟಾ ಕಾರುಗಳಲ್ಲಿ ಎಂಜಿನ್ ಹೊತ್ತ ಚೌಕಟ್ಟು ಸೇರುವ ಜಾಗವೇ ತುಕ್ಕು ಹಿಡಿದು ದೊಡ್ಡ ಗದ್ದಲವಾಯಿತು. ಕಂಪನಿ ಗಿರಾಕಿಗಳಿಂದ ಕಾರುಗಳನ್ನು ವಾಪಸು ಕೊಳ್ಳಬೇಕಾಯಿತು. ಆ ದೇಶದಲ್ಲಿ ಆ ಬ್ರಾಂಡ್ ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ತುಕ್ಕು ಅನ್ನುವುದು ಕೊಂಡವನ ಹಣೆಬರಹ ಅಲ್ಲ, ಮಾಡಿದವನ ಜವಾಬ್ದಾರಿ ಅಂತ ಕಂಪನಿಗಳಿಗೆ ಮನದಟ್ಟು ಮಾಡಿದ್ದರಲ್ಲಿ ಆ ಗದ್ದಲಕ್ಕೂ ಪಾಲಿದೆ.

ನಮ್ಮ ದೇಶದ ಮಾತು ಬಂದರೆ ಎಲ್ಲರೂ ದಿಲ್ಲಿಯ ಕಬ್ಬಿಣದ ಕಂಬ ತೋರಿಸುತ್ತಾರೆ. ಸುಮಾರು 1600 ವರ್ಷ ಹಳೆಯದು, ಆರು ಟನ್ನಿಗೂ ಹೆಚ್ಚು ತೂಕ. ಐಐಟಿ ಕಾನ್ಪುರದ ಆರ್. ಬಾಲಸುಬ್ರಮಣ್ಯಂ ಅವರ ಸಂಶೋಧನೆ ಪ್ರಕಾರ ಆ ಕಬ್ಬಿಣದಲ್ಲಿರುವ ರಂಜಕದ ಅಂಶದಿಂದ ಮೇಲ್ಮೈಯಲ್ಲಿ ತೆಳುವಾದ ರಕ್ಷಣೆಯ ಪೊರೆ ಹುಟ್ಟಿಕೊಂಡಿದೆ. ಕೊಡಚಾದ್ರಿಗೆ ಹೋದವರು ಅಲ್ಲಿಯ ಕಬ್ಬಿಣದ ಕಂಬವನ್ನೂ ನೋಡಿರುತ್ತೀರಿ, ಅಷ್ಟು ಮಳೆಯಲ್ಲಿ ನಿಂತಿದೆ. ಆದರೆ ರಂಜಕ ಜಾಸ್ತಿ ಇರುವ ಕಬ್ಬಿಣ ಪೆಡಸು, ಅದನ್ನು ತೆಳು ತಗಡು ಮಾಡಿ ಬೇಕಾದಂತೆ ಮಡಿಚಲು ಆಗುವುದಿಲ್ಲ. ಕಂಬಕ್ಕೆ ಸರಿ, ಕಾರಿಗಲ್ಲ. ಅದೇ ದಿಲ್ಲಿಯಲ್ಲಿ 2015ರಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಕೂಡದು ಅಂತ ಹಸಿರು ನ್ಯಾಯಮಂಡಳಿ ಆದೇಶ ಮಾಡಿತು. ಕಾರಣ ಹೊಗೆ, ತುಕ್ಕಲ್ಲ. ಆದರೂ ಆ ಕಂಬದ ಊರಿನಲ್ಲಿ ಕಬ್ಬಿಣಕ್ಕೆ ಹತ್ತೇ ವರ್ಷ ಆಯುಸ್ಸು ಎಂದರೆ ನಗು ಬರುತ್ತದೆ. ಇಲ್ಲಿ ಮುಂಬಯಿಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳಿಗೆ 20 ವರ್ಷದ ಮಿತಿ ಇತ್ತು. 2023ರ ಅಕ್ಟೋಬರ್ ಕೊನೆಗೆ ಕಟ್ಟಕಡೆಯದೂ ರಸ್ತೆಯಿಂದ ಹೋಯಿತು. ಕಾಲಡಿಯ ತೂತಿನಿಂದ ಮಳೆನೀರು ಕಾರಂಜಿಯ ಹಾಗೆ ಪ್ಯಾಂಟಿಗೆ ಚಿಮ್ಮುತ್ತಿದ್ದ ಆ ಟ್ಯಾಕ್ಸಿಗಳನ್ನು ಹತ್ತಿದವರು ಈ ಲೇಖನದ ಅರ್ಧ ಭಾಗವನ್ನು ಓದದೆಯೇ ಅರ್ಥ ಮಾಡಿಕೊಂಡಿರುತ್ತಾರೆ.

ಫೋಕ್ಸ್‌ವ್ಯಾಗನ್ ಕ್ಯಾಂಪರುಗಳೂ ಒಂದು ಕಾಲದಲ್ಲಿ ನಮ್ಮ ಕಡೆ ಬರುತ್ತಿದ್ದವು. ಅರವತ್ತು, ಎಪ್ಪತ್ತರ ದಶಕದಲ್ಲಿ ಹಿಪ್ಪಿಗಳು ಇಸ್ತಾಂಬುಲ್, ಟೆಹರಾನ್, ಕಾಬೂಲ್, ಲಾಹೋರ್ ದಾಟಿ ದಿಲ್ಲಿಗೆ, ಅಲ್ಲಿಂದ ಕಠ್ಮಂಡು ಅಥವಾ ಗೋವಾಕ್ಕೆ ಈ ವ್ಯಾನುಗಳಲ್ಲೇ ಬಂದರು. 1979ರಲ್ಲಿ ಇರಾನಿನಲ್ಲಿ ಕ್ರಾಂತಿ, ಅದೇ ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೈನ್ಯ. ಅಲ್ಲಿಗೆ ಆ ದಾರಿ ಮುಚ್ಚಿತು. ಹೀಗೆ ಬಂದ ಗಾಡಿಗಳಿಗೆ ಕಾರ್ನೆ ಎಂಬ ದಾಖಲೆ ಬೇಕಿತ್ತು. ಗಾಡಿ ವಾಪಸು ದೇಶದಿಂದ ಹೊರಗೆ ಹೋಗದಿದ್ದರೆ ಸುಂಕ ಕಟ್ಟುತ್ತೇವೆ ಎಂಬ ಖಾತರಿ ಅದು, ನಮ್ಮ ಬ್ಯಾಂಕ್ ಗ್ಯಾರಂಟಿಯ ಹಾಗೆ.

ಈಗ ರಿಪೇರಿ. ಇದು ನಿಜವಾಗಿ ಮುಖ್ಯವಾದ ಭಾಗ.

ಇಂಗ್ಲೆಂಡಿನಲ್ಲಿ 1960ರಿಂದ ಹಳೆ ಗಾಡಿಗಳಿಗೆ ಎಂಓಟಿ ಎಂಬ ತಪಾಸಣೆ ಇದೆ. ಅದರಲ್ಲಿ ತುಕ್ಕು ನೋಡುವ ಕ್ರಮ ನನಗೆ ಬಹಳ ಹಿಡಿಸಿತು. ಬಾಗಿಲಿನ ಮೂಲೆಯಲ್ಲಿ ತೂತಿದ್ದರೆ ಅಷ್ಟೇನೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಸಸ್ಪೆನ್ಷನ್, ಸ್ಟೇರಿಂಗ್, ಬ್ರೇಕ್, ಸೀಟ್‌ಬೆಲ್ಟ್ ಇವು ಬಾಡಿಗೆ ಸೇರುವ ಬಿಂದುವಿನಿಂದ 30 ಸೆಂಟಿಮೀಟರ್ ಒಳಗೆ ಬಲಗುಂದಿಸುವಷ್ಟು ತುಕ್ಕಿದ್ದರೆ ಗಾಡಿ ಫೇಲ್. ಅಲ್ಲಿ ತೇಪೆ ಹಾಕುವುದಾದರೆ ಸುತ್ತಲೂ ಪೂರ್ತಿ ವೆಲ್ಡ್ ಇರಬೇಕು. ಪುಟ್ಟಿ ಮೆತ್ತಿದ್ದು ನಡೆಯುವುದಿಲ್ಲ. ಈ ಪುಟ್ಟಿ ಎಂಬುದು ಟಿಂಕರಿಂಗ್ ಅಂಗಡಿಯ ದೊಡ್ಡ ಮಾಯೆ. ತೂತಿಗೆ ಜಾಲರಿ ತುರುಕಿ, ಪುಟ್ಟಿ ಹಚ್ಚಿ, ಉಜ್ಜಿ, ಬಣ್ಣ ಹೊಡೆದರೆ ಮೂರು ತಿಂಗಳು ಮದುಮಗಳ ಹಾಗೆ ಹೊಳೆಯುತ್ತದೆ. ಒಳಗೆ ತುಕ್ಕು ತನ್ನ ಪಾಡಿಗೆ ನಡೆದೇ ಇರುತ್ತದೆ. ನಮ್ಮಲ್ಲಿ ಇದಕ್ಕೆ ಎವರ್‌ಗ್ರೀನಿಂಗ್ ಅನ್ನುತ್ತಾರೆ. ವಸೂಲಾಗದ ಸಾಲಕ್ಕೆ ಹೊಸ ಸಾಲ ಕೊಟ್ಟು ಹಳೆಯದು ತೀರಿತು ಅಂತ ತೋರಿಸುವುದು. ವ್ಯತ್ಯಾಸ ಇಷ್ಟೇ, ಅಲ್ಲಿ ಮುಳುಗುವುದು ದುಡ್ಡು. ಇಲ್ಲಿ ಸೀಟ್‌ಬೆಲ್ಟ್ ಕಿತ್ತುಬಂದರೆ ಹೋಗುವುದು ಒಳಗೆ ಕೂತವರ ಜೀವ. 2018ರ ಮೇಯಿಂದ 40 ವರ್ಷ ದಾಟಿದ, ಹೆಚ್ಚು ಬದಲಾಯಿಸದ ಗಾಡಿಗಳಿಗೆ ಆ ತಪಾಸಣೆಯಿಂದ ವಿನಾಯಿತಿ ಸಿಕ್ಕಿದೆ. ಅಂದರೆ ಅತಿ ಹೆಚ್ಚು ಕೊಳೆಯಬಹುದಾದ ಗಾಡಿಯನ್ನೇ ಯಾರೂ ನೋಡಬೇಕಾಗಿಲ್ಲ! ನನ್ನ ಮಟ್ಟಿಗೆ ಇದು ತಲೆಕೆಳಗಾದ ನಿಯಮ. ಅಳಿಯನಿಗೆ ಹೇಳಿದ ಮೊದಲ ಮಾತೇ ಅದು: ಕಾನೂನು ಕೇಳದಿದ್ದರೂ ನೀನು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸು, ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುವವನು ನೀನು.

ಸರಿಯಾದ ಕ್ರಮದಲ್ಲಿ ಕೆಲಸ ಹೇಗೆ ನಡೆಯುತ್ತದೆ ಅಂತ ಅವನ ಫೋಟೋಗಳಿಂದಲೇ ಕಲಿತೆ. ಮೊದಲು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋಗಬೇಕು. ಗಟ್ಟಿ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ಹಲಸಿನ ಕಾಯಿಯ ಹಾಗೆ ದಪ್ ಅನ್ನುತ್ತದೆ. ಆಮೇಲೆ ಕತ್ತರಿಸುವುದು. ಹೊಳೆಯುವ ಒಳ್ಳೆಯ ಲೋಹ ಸಿಗುವವರೆಗೆ ಕತ್ತರಿಸಬೇಕು. ಅಂಗೈಯಗಲ ಅಂತ ಶುರು ಮಾಡಿದ್ದು ಮೊಳ ದಾಟುತ್ತದೆ. ಕೊಳೆತದ್ದನ್ನು ಸ್ವಲ್ಪ ಉಳಿಸಿಕೊಂಡು ಅದಕ್ಕೇ ವೆಲ್ಡ್ ಮಾಡಿದರೆ ಅಂಚಿನಲ್ಲಿ ಮತ್ತೆ ತೂತು. ಆದರೆ ಸಿಲ್ ಕತ್ತರಿಸುವ ಮೊದಲು ಬಾಗಿಲಿನ ಚೌಕಕ್ಕೆ ಅಡ್ಡಡ್ಡ ಕಬ್ಬಿಣದ ಸರಳು ವೆಲ್ಡ್ ಮಾಡಿ ಬಿಗಿಯಬೇಕು. ಇಲ್ಲದಿದ್ದರೆ ಹೊಸ್ತಿಲು ತೆಗೆದ ಕೂಡಲೇ ಇಡೀ ಬಾಡಿ ನಡುವೆ ಕುಸಿದು, ಹೊಸ ಸಿಲ್ ಕೂರಿಸಿದ ಮೇಲೆ ಬಾಗಿಲು ಮುಚ್ಚುವುದೇ ಇಲ್ಲ. ಒಮ್ಮೆಗೆ ಒಂದೇ ಬದಿ, ಅದೂ ಒಳಗಿನ ಪದರದಿಂದ ಹೊರಕ್ಕೆ.

ಹಿಂದೆಲ್ಲ ಇದನ್ನು ಗ್ಯಾಸ್ ವೆಲ್ಡಿಂಗಿನಲ್ಲಿ ಮಾಡುತ್ತಿದ್ದರು. ಶಾಖ ಹರಡಿ ತಗಡು ಹಪ್ಪಳದ ಹಾಗೆ ಸೊಟ್ಟಗಾಗುತ್ತಿತ್ತು. ಈಗ ಮಿಗ್ ವೆಲ್ಡಿಂಗ್, ತಂತಿ ತಾನಾಗಿ ಬರುತ್ತದೆ, ಶಾಖವೂ ಅಷ್ಟು ಹರಡುವುದಿಲ್ಲ. ಆದರೂ ಉದ್ದಕ್ಕೆ ಒಂದೇ ಸಲ ಎಳೆಯಬಾರದು. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ಆರಲು ಬಿಟ್ಟು ಮತ್ತೆ ನಡುವೆ ಒಂದು. ತಾಳ್ಮೆ ಇಲ್ಲದವನ ಕೆಲಸವಲ್ಲ. ಮುಚ್ಚಿ ಹೋಗುವ ಮುಖಗಳಿಗೆ ಮೊದಲೇ ಸತು ಪ್ರೈಮರ್, ಸಂದುಗಳಿಗೆ ಸೀಲರ್, ಕೊನೆಗೆ ಪೊಳ್ಳು ಪೆಟ್ಟಿಗೆಗಳ ಒಳಗೆ ಉದ್ದ ನಳಿಕೆಯಿಂದ ಮೇಣದ ದ್ರಾವಣ ಸಿಂಪಡಣೆ. ಇಷ್ಟೆಲ್ಲ ಮಾಡಿ ಅಡಿಯಲ್ಲಿ ನೀರು ಹೋಗುವ ಪುಟ್ಟ ತೂತುಗಳನ್ನು ಮೇಣದಿಂದಲೇ ಮುಚ್ಚಿಬಿಡುವವರೂ ಇದ್ದಾರಂತೆ. ಆ ತೂತುಗಳನ್ನು ಕಡ್ಡಿ ಹಾಕಿ ಬಿಡಿಸಿಕೊಳ್ಳಬೇಕು. ನಮ್ಮ ತಾರಸಿಯ ಪೈಪಿಗೆ ಮಳೆಗಾಲದ ಮುಂಚೆ ಮಾಡುವ ಕೆಲಸ ತಾನೇ!

ದುಡ್ಡಿನ ಲೆಕ್ಕ? ಮೊದಲ ತಲೆಮಾರಿನ ಗಾಡಿಗಳ ಪೈಕಿ ಚಾವಣಿ ಅಂಚಿನಲ್ಲೂ ಸೇರಿ 23 ಗಾಜುಗಳಿದ್ದ 1963ರ ಒಂದು ಗಾಡಿ 2011ರಲ್ಲಿ ಅಮೆರಿಕದ ಹರಾಜಿನಲ್ಲಿ 2 ಲಕ್ಷ ಡಾಲರಿಗೂ ಮೇಲೆ ಹೋಯಿತು. ಅದನ್ನು ಕೇಳಿ ಎಲ್ಲ ಹಳೆ ವ್ಯಾನೂ ಚಿನ್ನ ಅಂತ ತಿಳಿಯಬಾರದು. ಕ್ಯಾಲಿಫೋರ್ನಿಯಾ, ಅರಿಜೋನಾದಂಥ ಒಣ ಸೀಮೆಯ ಗಾಡಿಗಳಿಗೆ ಬ್ರಿಟನ್ನಿನಲ್ಲಿ ಗಿರಾಕಿ ಹೆಚ್ಚು. ಬಣ್ಣ ಸುಟ್ಟು ಹೋಗಿದ್ದರೂ ಪರವಾಗಿಲ್ಲ, ತಗಡು ಗಟ್ಟಿ. ಮುಖ ನೋಡಿ ಸಾಲ ಕೊಡಬಾರದು ಅಂತ ನಮಗೆ ಟ್ರೈನಿಂಗಿನಲ್ಲಿ ಹೇಳಿಕೊಟ್ಟದ್ದು ಸುಳ್ಳಲ್ಲ. ಹೊಸತೇ ಬೇಕು ಅನ್ನುವವರಿಗೆ ಬ್ರೆಜಿಲ್ ಇತ್ತು. ಅಲ್ಲಿ 1957ರಲ್ಲಿ ಶುರುವಾದ ತಯಾರಿಕೆ 2013ರ ಡಿಸೆಂಬರ್ ತನಕ ನಡೆಯಿತು. ಏರ್‌ಬ್ಯಾಗ್, ಎಬಿಎಸ್ ಕಡ್ಡಾಯವಾದಾಗ ಅರವತ್ತು ವರ್ಷ ಹಳೆಯ ಈ ಪೆಟ್ಟಿಗೆಗೆ ಅವನ್ನು ಕೂರಿಸಲು ಆಗದೆ ನಿಲ್ಲಿಸಿದರು.

ಅಳಿಯ ಇನ್ನೊಂದು ಪ್ರಶ್ನೆ ಕೇಳಿದ್ದ. ಸಿಲ್ ಹೊಸತು, ನೆಲ ಹೊಸತು, ಮೂತಿಯ ತಗಡು ಹೊಸತು, ಚಕ್ರದ ಕಮಾನು ಹೊಸತು. ಕೊನೆಗೆ ಉಳಿಯುವುದು 1973ರ ಗಾಡಿಯೇ ಹೌದಾ ಮಾಮ? ವೇದಾಂತಿಗಳು ಏನು ಹೇಳುತ್ತಾರೋ, ಬ್ರಿಟಿಷ್ ಸರಕಾರ ಮಾತ್ರ ಇದಕ್ಕೆ ಗುಮಾಸ್ತನ ಉತ್ತರ ಇಟ್ಟುಕೊಂಡಿತ್ತು. ಮೂಲ ಸ್ವರೂಪ ತೀರಾ ಬದಲಾದ ಗಾಡಿ ಹಳೆ ನಂಬರ್ ಉಳಿಸಿಕೊಳ್ಳಬೇಕಾದರೆ 8 ಅಂಕ ಬೇಕು ಅಂತ ಬಹಳ ವರ್ಷ ಒಂದು ಪಟ್ಟಿ ಇತ್ತು. ಮೂಲ ಚಾಸಿ ಅಥವಾ ಬಾಡಿಗೆ 5, ಸಸ್ಪೆನ್ಷನ್ನಿಗೆ 2, ಆಕ್ಸಲಿಗೆ 2, ಗೇರ್‌ಬಾಕ್ಸಿಗೆ 2, ಸ್ಟೇರಿಂಗಿಗೆ 2, ಎಂಜಿನ್ನಿಗೆ ಬರೀ 1. ಎಷ್ಟು ಸಲ ಎಂಜಿನ್ ಬದಲಾಯಿಸಿದರೂ ಗಾಡಿ ಅದೇ, ತಗಡು ಹೋದರೆ ಮಾತ್ರ ಬೇರೆ. ಯಾವ ತಗಡನ್ನು ಹತ್ತು ವರ್ಷಕ್ಕೆ ಸಾಕು ಅಂತ ಮಾಡಿದ್ದರೋ ಅದಕ್ಕೇ ಅತಿ ಹೆಚ್ಚು ಅಂಕ.

ಅವನ ಗಾಡಿಯಲ್ಲಿ ಕುಳಿತು ಲೆಕ್ಕ ಹಾಕಿದೆವು, ಅಂದರೆ ಫೋನಿನಲ್ಲಿ. ಬಾಡಿ ತೇಪೆ ಹಾಕಿದ್ದಾದರೂ ಮೂಲದ್ದೇ, 5. ಆಕ್ಸಲ್, ಸ್ಟೇರಿಂಗ್, ಗೇರ್‌ಬಾಕ್ಸ್ ಮೂರೂ ಮೂಲದವು, 6. ಸಸ್ಪೆನ್ಷನ್ ಹಿಂದಿನ ಯಜಮಾನ ಬದಲಾಯಿಸಿದ್ದಾನೆ, ಎಂಜಿನ್ ಮೂರನೆಯದು. ಒಟ್ಟು 11. ಎಡಗಡೆಯ ಸಿಲ್ ಮುಗಿದಿದೆ, ಬಲಗಡೆಯದು ಬೇಸಿಗೆಗೆ. ಅಲ್ಲಿಯವರೆಗೆ ಗಾಡಿ ಶೆಡ್ಡಿನಲ್ಲೇ ಇರಲಿ, ರಸ್ತೆಗೆ ಉಪ್ಪು ಹಾಕುವ ತಿಂಗಳುಗಳಲ್ಲಿ ಹೊರಗೆ ತೆಗೆಯಬೇಡ ಅಂತ ಹೇಳಿದ್ದೇನೆ.